ಹನ್ನೆರಡರ ತಂತಿ

ಹೊಳೆ ದಂಡೆಯ ಮೇಲೆ ಒಬ್ಬ ಗುರು ಎಂದರೆ ಸಾಕು, ನಮಗೆಲ್ಲ ಮೊದಲು ಗಡ್ಡ ಕಾಣಿಸುತ್ತದೆ. ಅಂತೋಣಪ್ಪ ಮೇಷ್ಟ್ರಿಗೆ ಗಡ್ಡ ಇರಲಿಲ್ಲ. ದಿನಾ ಬೆಳಗ್ಗೆ ಕಾವೇರಿಯಲ್ಲಿ ಮಿಂದು, ನುಣ್ಣಗೆ ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂರುತ್ತಿದ್ದರು.

ಅವರು ಕಲಿಸುತ್ತಿದ್ದದ್ದು ವೇದಾಂತವೂ ಅಲ್ಲ. ಎಲೆಕ್ಟ್ರಿಕ್ ಗಿಟಾರ್.

ಹೊಳೆಯ ಪಕ್ಕ ಒಂದು ಹಳೆಯ ಪಂಪ್ ಹೌಸ್. ಪಂಪನ್ನು ಯಾರೋ ಕಿತ್ತುಕೊಂಡು ಹೋಗಿ ಎಷ್ಟೋ ವರ್ಷವಾಗಿತ್ತು. ಕರೆಂಟು ಮಾತ್ರ ಉಳಿದಿತ್ತು, ಗಿಟಾರಿಗೆ ಬೇಕಾದದ್ದು ಅಷ್ಟೇ. ಊರಿನವರು ಅದನ್ನು ತಮಾಷೆಗೆ ಆಶ್ರಮ ಎಂದು ಕರೆದರು. ಕರೆದು ಕರೆದು ಅದೇ ಹೆಸರು ನಿಂತಿತು.

ಅಲ್ಲಿ ಮೂರು ವರ್ಷದಿಂದ ಕಲಿಯುತ್ತಿದ್ದವಳು ರಾಜಮಣಿ. ವಯಸ್ಸು ಇಪ್ಪತ್ತಮೂರು. ತಾಯಿ ಚಿಕ್ಕತಾಯಮ್ಮ ಅದೇ ದಂಡೆಯಲ್ಲಿ ಮೀನು ಮಾರುತ್ತಿದ್ದಳು. ಬೆಳಗ್ಗೆ ಹತ್ತರವರೆಗೆ ರಾಜಮಣಿ ತಾಯಿಯ ಪಕ್ಕ ಕೂತು ಮೀನು ಉಜ್ಜಿ, ಹೆಚ್ಚಿ ಕೊಡುತ್ತಿದ್ದಳು. ಆಮೇಲೆ ಸೋಪು ಹಾಕಿ ಎರಡು ಸಲ ಕೈ ತೊಳೆದು ಗಿಟಾರ್ ಹಿಡಿಯುತ್ತಿದ್ದಳು. ವಾಸನೆ ಪೂರ್ತಿ ಹೋಗುತ್ತಿರಲಿಲ್ಲ. ಮೇಷ್ಟ್ರು ಅದರ ಬಗ್ಗೆ ಒಂದು ದಿನವೂ ಮಾತೆತ್ತಿದವರಲ್ಲ.

ಒಂದು ದಿನ ಅವಳು ಎಡಗೈ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ಬಂದಳು.

“ಚಾಕು ತಾಗ್ತೇನಮ್ಮ?”

“ಇಲ್ಲ ಮೇಷ್ಟ್ರೇ. ತಂತಿ.”

“ಯಾವ ತಂತಿ?”

“ಹನ್ನೆರಡು ಹಾಕಿದೀನಿ.”

ಗಿಟಾರ್ ತಂತಿಗಳಿಗೆ ಅಂಗಡಿಯಲ್ಲಿ ನಂಬರೇ ಹೆಸರು. ಎಂಟರ ಸೆಟ್ ಎಂದರೆ ತೀರಾ ತೆಳು. ಒಂಬತ್ತು, ಹತ್ತು, ಹನ್ನೊಂದು ಎಂದು ಏರಿದ ಹಾಗೆ ದಪ್ಪ. ಲೀಡ್ ಗಿಟಾರ್ ನುಡಿಸುವವರು ತಂತಿಯನ್ನು ಬೆರಳಿನಲ್ಲಿ ಪಕ್ಕಕ್ಕೆ ಎಳೆದು ಸ್ವರ ಏರಿಸಬೇಕು. ಎಳೆಯುವಾಗ ಹಾಡು ಅಳಬೇಕು, ನುಡಿಸುವವರು ಅಳಬಾರದು. ಹನ್ನೆರಡರ ತಂತಿಯಲ್ಲಿ ಸಾಮಾನ್ಯವಾಗಿ ಇಬ್ಬರೂ ಅಳುತ್ತಾರೆ.

“ಯಾಕೆ ಹಾಕಿದೆ?” ಎಂದರು ಮೇಷ್ಟ್ರು.

“ಸಂಗಮ ಮೆಲೋಡೀಸಲ್ಲಿ ಲೀಡ್ ಸೀಟು ಖಾಲಿ ಆಗಿದೆ.”

ಸಂಗಮ ಮೆಲೋಡೀಸ್ ಆ ಸೀಮೆಗೆ ದೊಡ್ಡ ಹೆಸರು. ಮದುವೆ, ರಾಜ್ಯೋತ್ಸವ, ಗಣಪತಿ, ಎಲ್ಲದಕ್ಕೂ ಅವರದೇ ರಸಮಂಜರಿ. ಒಂದು ಕಾಲಕ್ಕೆ ಅಂತೋಣಪ್ಪ ಮೇಷ್ಟ್ರೇ ಅಲ್ಲಿ ಲೀಡ್ ನುಡಿಸುತ್ತಿದ್ದರು. ಈಗ ತಂಡದ ಯಜಮಾನ ಗುರುಮಲ್ಲು, ಅವರ ಹಳೆಯ ಶಿಷ್ಯ. ಇತ್ತೀಚೆಗೆ ಲೀಡ್ ನುಡಿಸುತ್ತಿದ್ದವನು ಮದುವೆಯಾಗಿ, ಮೆಡಿಕಲ್ ಸ್ಟೋರ್ ಇಟ್ಟುಕೊಂಡು, ಬೆರಳುಗಳಿಗೆ ರಜ ಕೊಟ್ಟಿದ್ದ.

ಆ ತಂಡದಲ್ಲಿ ಒಂದು ಪದ್ಧತಿ ಇತ್ತು. ರಿಹರ್ಸಲ್ ಹಾಲಿನ ಗೋಡೆಯ ಮೊಳೆಗೆ ಹನ್ನೆರಡರ ಸೆಟ್ ಒಂದು ಸದಾ ನೇತಾಡುತ್ತಿತ್ತು. ಲೀಡ್ ಸೀಟು ಕೇಳಿಕೊಂಡು ಬಂದವರು ತಮ್ಮ ಗಿಟಾರಿಗೆ ಅಂಥದ್ದನ್ನೇ ಬಿಗಿದು ನುಡಿಸಿ ತೋರಿಸಬೇಕು. ಆಗದವರು ಮೆಟ್ಟಿಲು ಇಳಿಯಬೇಕು. ಯಾರು ಯಾವಾಗ ಮಾಡಿದ ನಿಯಮ ಎಂದು ಯಾರೂ ಕೇಳಿದವರಲ್ಲ. ಮೊಳೆಗೆ ನೇತು ಹಾಕಿದ್ದನ್ನು ನಮ್ಮ ಜನ ಪ್ರಶ್ನೆ ಮಾಡುವುದು ಕಡಿಮೆ.

“ಗುರುಮಲ್ಲು ಏನಂದ?”

“ಹಾಡೋದಾದ್ರೆ ಬಾ ತಂಗಿ, ಲೀಡು ಹೆಣ್ಮಕ್ಕಳ ಬೆರಳಿಗೆ ಬಗ್ಗಲ್ಲ ಅಂದ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ.”

“ನೀನೇನಂದೆ?”

“ನನ್ನ ಕಾಲಿನ ಅಳತೆ ನಿಮಗೇನು ಗೊತ್ತು ಅಂದೆ. ಒಂದನೇ ತಾರೀಕು ಬರ್ತೀನಿ, ಎಲ್ಲರನ್ನೂ ಕೂರಿಸ್ಕೊಂಡಿರಿ ಅಂದೆ.”

ಸಿಟ್ಟಿನಲ್ಲಿ ಆಡಿದ ಮಾತು. ಆಡಿಯಾಗಿತ್ತು. ಒಂದನೇ ತಾರೀಕಿಗೆ ಇಪ್ಪತ್ತು ದಿನವಿತ್ತು.

ರಾಜಮಣಿಗೆ ಆ ಸೀಟು ಬೇಕಿತ್ತು. ಹೊಟ್ಟೆಪಾಡಿಗಲ್ಲ, ಹೊಟ್ಟೆಯನ್ನು ಮೀನು ನೋಡಿಕೊಳ್ಳುತ್ತಿತ್ತು. ಹತ್ತು ವರ್ಷದವಳಿದ್ದಾಗಿನಿಂದ ಸ್ಟೇಜಿನ ಕೆಳಗೆ ನಿಂತು ಅವಳು ಹಾಡುವವರನ್ನು ನೋಡಿದವಳೇ ಅಲ್ಲ. ಬಲಗಡೆ ಮೂಲೆಯಲ್ಲಿ ಗಿಟಾರ್ ಹಿಡಿದು ಕೂರುವವನನ್ನೇ ನೋಡುತ್ತಿದ್ದಳು. ಅಲ್ಲಿ ಒಂದು ದಿನವಾದರೂ ಒಬ್ಬ ಹೆಣ್ಣು ಕೂತದ್ದನ್ನು ಅವಳು ಕಂಡಿರಲಿಲ್ಲ.

“ದಪ್ಪ ತಂತೀಲೇ ದಪ್ಪ ನಾದ ಬರೋದು ಮೇಷ್ಟ್ರೇ. ಎಲ್ಲರೂ ಹಂಗೇ ಅಂತಾರೆ. ಬೆರಳು ಕಿತ್ತು ಬಂದ್ರೂ ಸರಿ, ಇದರಲ್ಲೇ ನುಡಿಸ್ತೀನಿ.”

ಮೇಷ್ಟ್ರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

“ಹೋಗಿ ಆ ಹೊಂಗೆ ಮರದ ಕೆಳಗೆ ನಿಂತ್ಕೊ. ಇತ್ತ ತಿರುಗಬೇಡ,” ಎಂದರು.

ಗೋಡೆಯ ಮೇಲೆ ಮೂರು ಗಿಟಾರ್ ಇದ್ದವು. ಮೇಷ್ಟ್ರು ಒಂದೊಂದಾಗಿ ತೆಗೆದು ಸ್ಪೀಕರ್ ಪೆಟ್ಟಿಗೆಗೆ ಜೋಡಿಸಿ ಒಂದೇ ಸಾಲನ್ನು ಮೂರು ಸಲ ನುಡಿಸಿದರು. ಅದೇ ಸಾಲು, ಅದೇ ವೇಗ.

“ಯಾವುದು ಹನ್ನೆರಡು?” ಎಂದು ಒಳಗಿನಿಂದ ಕೂಗಿದರು.

“ಮೂರನೇದು! ಬಂದು ಎದೆಗೇ ಬಿತ್ತು.”

“ಬಾ.”

ಮೂರನೆಯ ಗಿಟಾರನ್ನು ಅವಳ ಕೈಗೆ ಕೊಟ್ಟರು. ರಾಜಮಣಿ ತಂತಿ ಮುಟ್ಟಿ ನೋಡಿದಳು. ಎಂಟರ ಸೆಟ್.

“ಮತ್ತೆ ಆ ದಪ್ಪ ಎಲ್ಲಿಂದ ಬಂತು ಮೇಷ್ಟ್ರೇ?”

“ನೀನು ಎಲ್ಲಿದ್ದೆ?”

“ಮರದ ಕೆಳಗೆ.”

“ಅಲ್ಲೀವರೆಗೂ ಬಂದಿದ್ದು ತಂತಿನಾ?”

ರಾಜಮಣಿ ಆ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಹೋದಳು. ಅರ್ಥವಾಯಿತು ಎಂದುಕೊಂಡಳು. ಶಿಷ್ಯರಿಗೆ ಬೇಗ ಅರ್ಥವಾಗಿಬಿಟ್ಟರೆ ಗುರುಗಳಿಗೆ ಕೆಲಸ ಜಾಸ್ತಿ.

ಮಾರನೆಯ ದಿನವೇ ಹನ್ನೆರಡನ್ನು ಬಿಚ್ಚಿ ಎಂಟರ ಸೆಟ್ ಹಾಕಿಕೊಂಡು ಬಂದಳು. ಮುಖ ಅರಳಿತ್ತು.

ಮೇಷ್ಟ್ರು ನುಡಿಸು ಎಂದರು. ನುಡಿಸಿದಳು. ಮೀನು ಉಜ್ಜಿ ಉಜ್ಜಿ ಗಟ್ಟಿಯಾದ ಕೈ ಅವಳದು. ಆ ಕೈಯಲ್ಲಿ ಒತ್ತಿದರೆ ಎಂಟರ ತಂತಿ ಒತ್ತಿದ ಕಡೆಯಿಂದ ಜಾರುತ್ತಿತ್ತು. ಪ್ರತಿ ಸ್ವರವೂ ಇರಬೇಕಾದದ್ದಕ್ಕಿಂತ ಒಂದು ಕೂದಲು ಮೇಲೆ ಕೇಳುತ್ತಿತ್ತು.

“ಶ್ರುತಿ ಏರ್ತಿದೆ.”

“ಮೆತ್ತಗೆ ಒತ್ತಕ್ಕೆ ಕಲೀತೀನಿ.”

“ಯಾಕೆ ಎಂಟು ಹಾಕಿದೆ?”

“ನೀವು ಎಂಟೇ ಹಾಕ್ತೀರಲ್ಲ ಮೇಷ್ಟ್ರೇ?”

ಮೇಷ್ಟ್ರು ಬಾಯಿಗೆ ಕೈ ಹಾಕಿ ಹಲ್ಲುಸೆಟ್ಟನ್ನು ತೆಗೆದರು. ಲೋಟದ ನೀರಲ್ಲಿ ಅದ್ದಿ ತೊಳೆದು, ತಟ್ಟೆಯ ಮೇಲೆ ಇಟ್ಟು, ಅವಳ ಮುಂದೆ ಸರಿಸಿದರು.

“ಹಾಕ್ಕೊ,” ಎಂದರು ಬೊಚ್ಚು ಬಾಯಲ್ಲಿ.

“ಅಯ್ಯೋ, ಏನ್ ಮೇಷ್ಟ್ರೇ ಇದು!”

“ಒಳ್ಳೇ ಸೆಟ್ಟು. ಮೈಸೂರಲ್ಲಿ ಮಾಡ್ಸಿದ್ದು. ಕಬ್ಬೂ ಕಡಿಯುತ್ತೆ.”

“ಥೂ, ನನಗ್ಯಾಕೆ?”

“ಯಾಕಮ್ಮ? ನನಗೆ ಸರಿಯಾಗೇ ಇದೆಯಲ್ಲ!”

ರಾಜಮಣಿಗೆ ಮೊದಲು ನಗು ಬಂತು. ಆಮೇಲೆ ಕಿವಿ ಬಿಸಿಯಾಯಿತು. ಎಂಟರ ಸೆಟ್ಟನ್ನು ಅಲ್ಲೇ ಕೂತು ಬಿಚ್ಚಿದಳು. ಮೇಷ್ಟ್ರು ಹಲ್ಲು ಹಾಕಿಕೊಂಡು ತಿಂಡಿಗೆ ಹೋದರು.

ಅವಳಿಗೆ ಇನ್ನೊಂದು ತೊಂದರೆಯೂ ಇತ್ತು. ಅವಳ ಕೈಬೆವರಿಗೆ ಯಾವ ತಂತಿ ಹಾಕಿದರೂ ಐದೇ ದಿನಕ್ಕೆ ಕಪ್ಪಾಗಿ, ಒರಟಾಗಿ, ನಾದ ಮಂಕಾಗುತ್ತಿತ್ತು. ಕೆಲವರ ಬೆವರೇ ಹಾಗೆ. ಔಷಧಿ ಇಲ್ಲ, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಟ್ಟರೆ ಒಂದೆರಡು ದಿನ ಹೆಚ್ಚು ಬರುತ್ತದೆ, ಅಷ್ಟೆ. ರಾಜಮಣಿ ಇದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಮೀನಿನ ಕೈ ಎಂದು ಯಾರಾದರೂ ಅಂದುಬಿಟ್ಟಾರು ಎಂದು ಅವಳಿಗೆ ಭಯ.

ಈ ಸಲ ಮೈಸೂರಿನ ಅಂಗಡಿಯವನನ್ನೇ ಕೇಳಿದಳು. ಅವನು ಒಂಬತ್ತರ ಒಂದು ಸೆಟ್ ಕೊಟ್ಟ. ತಂತಿಯ ಮೇಲೆ ಕಣ್ಣಿಗೆ ಕಾಣದ ತೆಳುವಾದ ಲೇಪ. ಬೆವರು ಒಳಗೆ ಇಳಿಯುವುದೇ ಇಲ್ಲ.

“ಇದು ಮೂರು ತಿಂಗಳು ಬಾಳುತ್ತಂತೆ ಮೇಷ್ಟ್ರೇ,” ಎಂದಳು.

“ಒಳ್ಳೇದು. ಕೈಗೆ ಹೆಂಗಿದೆ?”

“ಚೆನ್ನಾಗಿದೆ.”

“ಹೆಂಗಿದೆ ಅಂದೆ.”

ರಾಜಮಣಿ ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

“ಕೈಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಮೀನು ಹಿಡ್ದಂಗಿದೆ.”

“ಎಷ್ಟು ದಿನ ಬಾಳುತ್ತೆ ಅಂದೆ?”

“ಮೂರು ತಿಂಗಳು.”

“ಅಂದ್ರೆ ಮೂರು ತಿಂಗಳು ನಿನಗೂ ತಂತಿಗೂ ಮಾತಿಲ್ಲ.”

“ಆ ಹುಣಸೂರಿನ ನಿಮ್ಮ ಶಿಷ್ಯ ಇದನ್ನೇ ಹಾಕ್ತಾನಲ್ಲ? ಅವನಿಗೆ ನೀವು ಏನೂ ಅನ್ನಲ್ಲ.”

“ಅವನಿಗೂ ತಂತಿಗೂ ಮಾತಿದೆ. ನನಗೆ ಕೇಳಿಸುತ್ತೆ.”

ಆಗ ರಾಜಮಣಿಯ ತಾಳ್ಮೆ ಕಿತ್ತುಹೋಯಿತು. ಗಿಟಾರನ್ನು ಚಾಪೆಯ ಮೇಲೆ ಇಟ್ಟಳು. ಮೆಲ್ಲಗೇ ಇಟ್ಟಳು, ಆದರೆ ಧ್ವನಿ ಮೆಲ್ಲಗಿರಲಿಲ್ಲ.

“ಹನ್ನೆರಡು ಬೇಡ! ಎಂಟು ಬೇಡ! ಇದೂ ಬೇಡ! ಹತ್ತೇ ದಿನ ಉಳಿದಿರೋದು. ಯಾವುದು ಹಾಕಬೇಕು ಅಂತ ಒಂದು ಸಲ ಬಾಯಿ ಬಿಟ್ಟು ಹೇಳಿ ಮೇಷ್ಟ್ರೇ, ನಿಮ್ಮ ದಮ್ಮಯ್ಯ.”

“ನಾನು ಬೇಡ ಅಂದೆನಾ?”

ರಾಜಮಣಿ ಬಾಯಿ ತೆರೆದಳು. ನೆನಪು ಮಾಡಿಕೊಂಡಳು. ಅವರು ಯಾವುದನ್ನೂ ಬೇಡ ಎಂದಿರಲಿಲ್ಲ. ಬಾಯಿ ಮುಚ್ಚಿದಳು.

ಮನೆಯಲ್ಲಿ ತಾಯಿ ಕೇಳಿದಳು, “ಯಾಕವ್ವ ಮೊಕ ಊದ್ಸ್ಕಂಡಿದ್ದೀಯೆ?”

“ಒಂದನೇ ತಾರೀಕು ಹೋಗೋದೇ ಬೇಡ ಅನ್ನಿಸ್ತದೆ ಕಣವ್ವ.”

“ಸರಿ ಬುಡು. ನೀರಿಗಿಳಿದ ಮ್ಯಾಲೆ ಚಳಿಯೇನು ಮಳೆಯೇನು ಅಂತಿದ್ದೋಳು ನೀನೇಯ.”

ಮರುದಿನ ಬೆಳಗ್ಗೆ ಮೇಷ್ಟ್ರು ಕೈಚೀಲ ಹಿಡಿದು ಮೀನಿನ ಅಂಗಡಿಗೇ ಬಂದರು. ಮೂರು ವರ್ಷದಲ್ಲಿ ಅದೇ ಮೊದಲು. ಚಿಕ್ಕತಾಯಮ್ಮ ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು.

“ಕೂತ್ಕೊಳಮ್ಮ. ಒಂದು ಗೆಂಡೆ ಮೀನು ಬೇಕಿತ್ತು.”

ರಾಜಮಣಿ ಮೀನು ಆರಿಸಿ, ಹಲಗೆಯ ಮೇಲಿಟ್ಟು, ಪೊರೆ ಉಜ್ಜತೊಡಗಿದಳು. ಪಕ್ಕದಲ್ಲಿ ನಾಲ್ಕು ಚಾಕುಗಳಿದ್ದವು. ಒಂದು ಅವಳ ತಾತನದು, ದೊಡ್ಡದು. ಒಂದು ತಾಯಿಯದು. ಒಂದು ಸಂತೆಯಲ್ಲಿ ತಂದ ಹೊಸದು, ಹೊಳೆಯುತ್ತಿತ್ತು. ರಾಜಮಣಿ ಹಿಡಿದದ್ದು ನಾಲ್ಕನೆಯದು. ಹಿಡಿಗೆ ಸೈಕಲ್ ಟ್ಯೂಬು ಸುತ್ತಿತ್ತು.

“ಇದನ್ನೇ ಯಾಕೆ ತಗೊಂಡೆ?” ಎಂದರು ಮೇಷ್ಟ್ರು.

“ಇದು ನನ್ನ ಚಾಕು.”

“ದೊಡ್ಡದು ಜೋರಾಗಿ ಕತ್ತರಿಸಲ್ವಾ?”

“ಕತ್ತರಿಸ್ತದೆ. ಕೈ ಸೋಲ್ತದೆ.”

“ಹೊಸದು?”

“ಮೊಂಡಾಗಲ್ಲ ಅಂತಾರೆ. ಮುಳ್ಳು ಎಲ್ಲಿದೆ ಅಂತ ಅದರಲ್ಲಿ ಗೊತ್ತಾಗಲ್ಲ. ಇದಾದ್ರೆ ದಿನಾ ಮಸೀಬೇಕು. ಮಸೀತೀನಿ.”

“ಯಾರು ಹೇಳಿಕೊಟ್ರು?”

“ಇದನ್ನ ಯಾರು ಹೇಳಿಕೊಡ್ತಾರೆ ಮೇಷ್ಟ್ರೇ?”

ಮೇಷ್ಟ್ರು ಮೀನು ಚೀಲಕ್ಕೆ ಹಾಕಿಕೊಂಡು ಹೊರಟರು. ರಾಜಮಣಿ ಚಾಕು ಹಿಡಿದುಕೊಂಡೇ ಅವರ ಬೆನ್ನು ನೋಡುತ್ತ ಕೂತಿದ್ದಳು. ಮುಂದಿನ ಗಿರಾಕಿ ಎರಡು ಸಲ ಕೂಗಬೇಕಾಯಿತು.

ಅಂದಿನಿಂದ ಅವಳು ಯಾರನ್ನೂ ಕೇಳಲಿಲ್ಲ. ಒಂಬತ್ತು ಹಾಕಿದಳು, ಬಿಚ್ಚಿದಳು. ಹತ್ತು ಹಾಕಿದಳು. ಎಳೆದು ಸ್ವರ ಏರಿಸುವ ತೆಳು ತಂತಿಗಳು ಸರಿಯಾಗಿ ಬಂದವು, ಕೈಯ ಜೊತೆ ಜಗಳವಿಲ್ಲ. ಆದರೆ ಕೆಳಗಿನ ಮಂದ್ರದ ತಂತಿಗಳು ಅವಳ ಹೊಡೆತಕ್ಕೆ ತೊಯ್ದಾಡಿದವು. ಹನ್ನೊಂದರ ಸೆಟ್ಟಿನಿಂದ ದಪ್ಪನೆಯ ಮೂರನ್ನು ತೆಗೆದು ಆ ಜಾಗಕ್ಕೆ ಹಾಕಿದಳು. ಅಂಗಡಿಯವನು ಹಾಗೆಲ್ಲ ಬೆರೆಸಬಾರದಮ್ಮ ಎಂದ. ಗಿಟಾರ್ ಮಾತ್ರ ಏನೂ ಅನ್ನಲಿಲ್ಲ. ಲೇಪ ಇಲ್ಲದ ಬರೀ ನಿಕಲ್ ತಂತಿ. ಐದು ದಿನಕ್ಕೆ ಸಾಯುತ್ತದೆ, ಸಾಯಲಿ, ಆರನೆಯ ದಿನ ಹೊಸದು ಹಾಕುತ್ತೇನೆ ಎಂದುಕೊಂಡಳು.

ಒಂದು ಮಧ್ಯಾಹ್ನ ನುಡಿಸುತ್ತ ನುಡಿಸುತ್ತ ಅವಳಿಗೆ ತಂತಿಯೇ ಮರೆತುಹೋಯಿತು. ಹಾಡು ಮುಗಿದ ಮೇಲೆ ನೆನಪಾಯಿತು. ಅಳು ಬರುವಷ್ಟು ಸಂತೋಷವಾಯಿತು.

ಒಂದನೇ ತಾರೀಕಿನ ಹಿಂದಿನ ದಿನ ಅದೇ ಲೆಕ್ಕದಲ್ಲಿ ಹೊಸ ತಂತಿ ಬಿಗಿದು, ಒಂದೊಂದನ್ನೂ ಎಳೆದೆಳೆದು ಪಳಗಿಸಿದಳು.

“ಹಾಕಿದೆಯಾ?” ಎಂದರು ಮೇಷ್ಟ್ರು.

“ಹಾಕಿದೆ.”

ಯಾವುದು ಎಂದು ಅವರು ಕೇಳಲಿಲ್ಲ.

“ಗುರುಮಲ್ಲು ಹನ್ನೆರಡು ಹಾಕು ಅಂತಾನೆ ಮೇಷ್ಟ್ರೇ.”

“ಅಂತಾನೆ.”

“ನಾನು ಹಾಕಲ್ಲ.”

“ನಾಳೆ ನಾನೂ ಬರ್ತೀನಿ,” ಎಂದರು ಮೇಷ್ಟ್ರು. ಆ ದಿನ ಅವರು ಇನ್ನೇನೂ ಕಲಿಸಲಿಲ್ಲ.

ಸಂಗಮ ಮೆಲೋಡೀಸಿನ ರಿಹರ್ಸಲ್ ಹಾಲ್ ಒಂದು ರಾಗಿ ಮಿಲ್ಲಿನ ಮೇಲಿತ್ತು. ಬೆಳಗ್ಗೆ ಹತ್ತು ಗಂಟೆಗೆ ಡ್ರಮ್ಸಿನವನು, ಕೀಬೋರ್ಡಿನವನು, ಢೋಲಕ್ಕಿನವನು, ಹಾಡುವ ಇಬ್ಬರು, ಎಲ್ಲರೂ ಬಂದು ಕೂತಿದ್ದರು. ರಾಜಮಣಿಗೂ ಮೊದಲು ಇಬ್ಬರು ಗಂಡಸರ ಪರೀಕ್ಷೆ ಆಯಿತು. ಒಬ್ಬನ ಸ್ವರ ಏರಬೇಕಾದ ಕಡೆಗೆ ಏರದೆ ಅರ್ಧದಲ್ಲೇ ನಿಂತಿತು. ಇನ್ನೊಬ್ಬ ಎಲ್ಲವನ್ನೂ ಏರಿಸಿದ. ಏರಿಸುವಾಗ ಅವನು ಹಲ್ಲು ಕಚ್ಚಿದ್ದು ಎಲ್ಲರಿಗೂ ಕಂಡಿತು, ಹಾಡು ಯಾರಿಗೂ ಕೇಳಿಸಲಿಲ್ಲ.

“ಬಾ ತಂಗಿ,” ಎಂದ ಗುರುಮಲ್ಲು. “ಎಲ್ಲಿ, ಗಿಟಾರ್ ತೋರಿಸು.”

ತಂತಿ ಮುಟ್ಟಿ ನೋಡಿ ನಕ್ಕ. “ಇದೇನು ಚಿತ್ರಾನ್ನ? ಬಿಚ್ಚು. ಮೊಳೇಲಿರೋದು ಹಾಕ್ಕೊ.”

“ಹಾಕಲ್ಲ.”

“ಏನು?”

“ಹಾಕಲ್ಲ ಅಂದೆ. ನಿಮಗೆ ಬೇಕಾಗಿರೋದು ಹಾಡು. ಅದನ್ನ ಕೇಳಿ. ಯಾವ ತಂತಿ ಅಂತ ಕೇಳಬೇಡಿ.”

ಡ್ರಮ್ಸಿನವನು ಕೈಯಲ್ಲಿದ್ದ ಕೋಲು ಕೆಳಗಿಟ್ಟ.

ಗುರುಮಲ್ಲುವಿನ ಮುಖ ಕೆಂಪಾಯಿತು. “ಈ ರೂಲ್ಸು ಮಾಡಿದ್ದು ಯಾರು ಅಂತ ಗೊತ್ತೇನಮ್ಮ ನಿನಗೆ? ನಾನಲ್ಲ. ಅಲ್ಲಿ ಹಿಂದೆ ನಿಂತವರೆ ನೋಡು, ನಿನ್ನ ಗುರುಗಳನ್ನೇ ಕೇಳು!”

ರಾಜಮಣಿ ತಿರುಗಿದಳು. ಬಾಗಿಲ ಬಳಿ ಅಂತೋಣಪ್ಪ ಮೇಷ್ಟ್ರು ನಿಂತಿದ್ದರು.

“ನಿಮ್ಮದಾ ಮೇಷ್ಟ್ರೇ?”

“ನಂದೇ.”

“ಯಾಕೆ?”

ಮೇಷ್ಟ್ರು ಒಳಗೆ ಬಂದು ಒಂದು ಕುರ್ಚಿ ಎಳೆದುಕೊಂಡು ಕೂತರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಮಾತ್ರ ನೆಲ ನೋಡಿಕೊಂಡು ಮಾತಾಡಿದರು.

“ಮೂವತ್ತು ವರ್ಷ ಆಯ್ತು. ನನ್ನ ಹತ್ರ ಒಬ್ಬ ಕಲೀತಿದ್ದ. ಹೊನ್ನಪ್ಪ ಅಂತ. ಎಂಟರ ತಂತೀಲಿ ನುಡಿಸ್ತಿದ್ದ. ನನಗಿಂತ ಚೆನ್ನಾಗಿ ನುಡಿಸ್ತಿದ್ದ. ಅದು ಇನ್ನೂ ಯಾರಿಗೂ ಗೊತ್ತಾಗಿರಲಿಲ್ಲ, ನನಗೆ ಮಾತ್ರ ಗೊತ್ತಾಗಿತ್ತು. ಒಂದಿನ ಹನ್ನೆರಡರ ಸೆಟ್ ತಂದು ಆ ಮೊಳೆಗೆ ಹಾಕಿದೆ. ಲೀಡ್ ಸೀಟಲ್ಲಿ ಕೂರೋನು ಇದನ್ನೇ ನುಡಿಸಬೇಕು ಅಂದೆ.”

“ಆಮೇಲೆ?”

“ಆರು ತಿಂಗಳಿಗೆ ಅವನ ಬೆರಳು ಮಡಚೋದೇ ನಿಂತೋಯ್ತು. ಗಿಟಾರ್ ಬಿಟ್ಟ. ಈಗ ಎಲ್ಲಿದಾನೋ ಗೊತ್ತಿಲ್ಲ.”

ಕೆಳಗೆ ಮಿಲ್ಲು ಓಡುತ್ತಿತ್ತು.

ರಾಜಮಣಿಗೆ ಸಿಟ್ಟು ಬಂತು. ಗುರುಮಲ್ಲುವಿನ ಮೇಲೆ ಬಂದದ್ದಕ್ಕಿಂತ ದೊಡ್ಡ ಸಿಟ್ಟು.

“ಮೂರು ವರ್ಷ ನನಗೆ ಒಂದು ಮಾತು ಹೇಳಲಿಲ್ಲವಲ್ಲ ಮೇಷ್ಟ್ರೇ?”

“ನಾಚಿಕೆ ಆಯ್ತಮ್ಮ.”

ಗುರುಮಲ್ಲು ಮೊಳೆಯ ಕಡೆ ನೋಡಿದ. ಅವನಿಗೂ ಈ ಕಥೆ ಗೊತ್ತಿರಲಿಲ್ಲ. ಗೊತ್ತಾದದ್ದು ಅವನಿಗೆ ಬೇಕಾಗಿಯೂ ಇರಲಿಲ್ಲ.

“ನಾನು ಎರಡು ವರ್ಷ ಈ ತಂತೀಲಿ ಅತ್ತಿದೀನಿ ಮೇಷ್ಟ್ರೇ,” ಎಂದ. “ನೀವು ಹೇಳಿದ್ರಿ ಅಂತ. ಈಗ ಸುಮ್ಮನೆ ಅತ್ತೆ ಅಂದ್ಕೊಳ್ಳಾ?”

ಮೇಷ್ಟ್ರು ತಲೆ ಎತ್ತಿ ಗೋಡೆಯ ಮೊಳೆಯನ್ನು ನೋಡಿದರು.

“ಆಯ್ತು,” ಎಂದ ಗುರುಮಲ್ಲು. “ರೂಲ್ಸು ನಿಮ್ಮದು. ತೆಗೀತೀರಾ, ತೆಗೀರಿ, ಈಗಲೇ ಎಲ್ಲರ ಮುಂದೆ ಹೇಳಿ. ಇಲ್ಲಾಂದ್ರೆ ಇವಳು ಹಾಕ್ಕೊಳ್ಳಲಿ. ನಿಮ್ಮ ಮಾತು ನಾನು ಮೀರಲ್ಲ.”

ಇನ್ನೇನು, ಮುಗಿಯಿತು ಎಂದುಕೊಂಡರು ಎಲ್ಲರೂ. ಒಂದು ಮಾತಿನ ಕೆಲಸ. ಹಾಡುವವಳೊಬ್ಬಳು ರಾಜಮಣಿಯನ್ನು ನೋಡಿ ಮುಗುಳ್ನಕ್ಕಳು ಕೂಡ.

ಮೇಷ್ಟ್ರು ಎದ್ದರು. ಗೋಡೆಯ ಬಳಿ ಹೋಗಿ ಹನ್ನೆರಡರ ಸೆಟ್ಟನ್ನು ಮೊಳೆಯಿಂದ ತೆಗೆದರು. ಕವರಿನ ಮೇಲಿದ್ದ ರಾಗಿ ಧೂಳನ್ನು ಅಂಗಿಗೆ ಒರೆಸಿದರು. ತಂದು ರಾಜಮಣಿಯ ಮುಂದೆ ಹಿಡಿದರು.

“ಹಾಕಮ್ಮ,” ಎಂದರು.



ರಾಜಮಣಿ ಅವರ ಕೈಯನ್ನು ನೋಡಿದಳು. ಮುಖವನ್ನು ನೋಡಿದಳು. ತಮಾಷೆ ಮಾಡುತ್ತಿದ್ದಾರೆಯೇ ಎಂದು ಹುಡುಕಿದಳು. ಆ ಮುಖದಲ್ಲಿ ತಮಾಷೆ ಇರಲಿಲ್ಲ.

“ಹಾಕಲ್ಲ ಮೇಷ್ಟ್ರೇ.”

“ಗುರು ಹೇಳ್ತಿದೀನಿ.”

“ಯಾರು ಹೇಳಿದ್ರೂ ಅಷ್ಟೆ.”

“ಸೀಟು ಹೋಗುತ್ತೆ.”

“ಹೋಗ್ಲಿ.” ಅವಳ ಕಣ್ಣಲ್ಲಿ ನೀರಿತ್ತು, ಧ್ವನಿ ಮಾತ್ರ ನಡುಗಲಿಲ್ಲ. “ಸೀಟು ನಿಮ್ಮದು, ಹಾಲ್ ನಿಮ್ಮದು, ರೂಲ್ಸು ನಿಮ್ಮದು. ಕೈ ನಂದು. ಒಂದು ಹಾಡು ನುಡಿಸ್ತೀನಿ, ನುಡಿಸಿ ಹೋಗ್ತೀನಿ. ತಡೆಯೋರು ಬಂದು ತಡೀರಿ.”

ಸ್ಪೀಕರ್ ಪೆಟ್ಟಿಗೆಯ ವೈರನ್ನು ತಾನೇ ಎಳೆದುಕೊಂಡು ಗಿಟಾರಿಗೆ ಸಿಕ್ಕಿಸಿದಳು. ಬಲಗಡೆ ಮೂಲೆಯ ಆ ಕುರ್ಚಿಯಲ್ಲಿ ಹೋಗಿ ಕೂತಳು. ಯಾರೂ ತಡೆಯಲಿಲ್ಲ.

ಆ ಇಬ್ಬರು ಗಂಡಸರು ನುಡಿಸಿದ ಹಾಡನ್ನೇ ಎತ್ತಿಕೊಂಡಳು. ಶುರುವಿನಲ್ಲೇ ಒಂದು ಉದ್ದದ ಎಳೆತ, ಮೊದಲು ಬಂದವನು ನಿಂತುಹೋದ ಜಾಗ. ರಾಜಮಣಿ ತಂತಿ ಎಳೆದಳು. ಸ್ವರ ಏರಿತು, ಏರಬೇಕಾದಲ್ಲಿ ಹೋಗಿ ನಿಂತಿತು, ನಿಂತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಅಲುಗಾಡಿತು. ಆಮೇಲೆ ಮಂದ್ರಕ್ಕೆ ಇಳಿದಳು. ಅಲ್ಲಿ ಅವಳ ಮೀನಿನ ಕೈ ಇತ್ತು, ಪೂರ್ತಿ ಜೋರಿನಲ್ಲಿ, ಯಾರಿಗೂ ಹೆದರದೆ. ತಂತಿಗಳು ಆ ಹೊಡೆತವನ್ನು ತಡೆದುಕೊಂಡವು. ಕಿಟಕಿಯ ಗಾಜು ಸಣ್ಣಗೆ ಅದುರಿತು.

ಎರಡನೆಯ ಚರಣಕ್ಕೆ ಡ್ರಮ್ಸಿನವನು ಕೋಲು ಎತ್ತಿಕೊಂಡ. ಯಾರೂ ಅವನಿಗೆ ಹೇಳಿರಲಿಲ್ಲ. ಢೋಲಕ್ಕಿನವನು ಗುರುಮಲ್ಲುವಿನ ಮುಖ ನೋಡಿದ, ನೋಡಿಕೊಂಡೇ ಕೈ ಹಾಕಿದ. ಆಮೇಲೆ ಹಾಡುವವಳೂ ಸೇರಿದಳು. ಪರೀಕ್ಷೆ ಎಂಬುದು ಎಲ್ಲೋ ಕಳೆದುಹೋಗಿ, ಅಲ್ಲಿ ಸುಮ್ಮನೆ ಒಂದು ಹಾಡು ನಡೆಯುತ್ತಿತ್ತು.

ಮುಗಿದ ಮೇಲೆ ರಾಜಮಣಿ ಜೇಬಿನಿಂದ ಒಣ ಬಟ್ಟೆ ತೆಗೆದು ತಂತಿ ಒರೆಸಿದಳು. ವೈರು ಬಿಚ್ಚಿ, ಗಿಟಾರನ್ನು ಚೀಲಕ್ಕೆ ಹಾಕಿ, ಎದ್ದಳು. ಬಾಗಿಲವರೆಗೂ ಹೋದಳು.

“ಶನಿವಾರ ಮಳವಳ್ಳೀಲಿ ಪ್ರೋಗ್ರಾಮು,” ಎಂದ ಗುರುಮಲ್ಲು ಕಿಟಕಿಯ ಕಡೆ ನೋಡುತ್ತ. “ಮೂರು ಗಂಟೆಗೆ ವ್ಯಾನು. ತಡ ಮಾಡಿದ್ರೆ ಬಿಟ್ಟು ಹೋಗ್ತೀವಿ.”

“ಇದೇ ತಂತೀಲಿ ಬರ್ತೀನಿ.”

“ಯಾವುದರಲ್ಲಾದ್ರೂ ಬಾರಮ್ಮ, ಸಾಕು.”

ಅವಳು ಮೆಟ್ಟಿಲು ಇಳಿದಳು. ಗುರುಗಳಿಗೆ ನಮಸ್ಕಾರ ಮಾಡಲಿಲ್ಲ. ಸಿಟ್ಟು ಇನ್ನೂ ಹಾಗೇ ಇತ್ತು, ಇರಬೇಕಾದದ್ದೇ.

ಗುರುಮಲ್ಲು ಕುರ್ಚಿಯಲ್ಲಿ ಕುಸಿದು ಕೂತ.

“ಎಂಥ ಹಟಮಾರಿ ಹೆಣ್ಣು ಮೇಷ್ಟ್ರೇ! ಗುರುಗಳು ಎದುರಿಗೆ ನಿಂತು ಹೇಳಿದ್ರೂ ಕೇಳಲಿಲ್ಲವಲ್ಲ.”

ಅಂತೋಣಪ್ಪ ಮೇಷ್ಟ್ರು ಕೈಯಲ್ಲಿದ್ದ ಹನ್ನೆರಡರ ಸೆಟ್ಟನ್ನು ನೋಡುತ್ತಿದ್ದರು.

“ಹೊನ್ನಪ್ಪ ಕೇಳಿದ್ದ ಕಣೋ ಮಲ್ಲು,” ಎಂದರು.